ಬಾಲದ ಕೆಳಗಿನ ಕಂಬ

ನನ್ನ ಗಂಡನಿಗೆ ಬೀದಿಯವರು ಇಟ್ಟ ಹೆಸರು ತಕ್ಕಡಿ. ಮುಖದೆದುರೇ ಹಾಗೆ ಕರೆಯುತ್ತಾರೆ, ಇವರಿಗೂ ಅದರಲ್ಲೇನೂ ಬೇಸರವಿಲ್ಲ. ದೂರ ಪ್ರಯಾಣ ಹೊರಟವರು ಸೂಟ್‌ಕೇಸ್ ತಂದು ನಮ್ಮ ಬಾಗಿಲಲ್ಲಿಟ್ಟು, "ಸ್ವಲ್ಪ ಎತ್ತಿ ನೋಡಿ ಸಾರ್, ಜಾಸ್ತಿ ಆಯ್ತಾ?" ಎಂದು ಕೇಳುತ್ತಾರೆ. ಇವರು ಹಿಡಿಕೆಗೆ ಎರಡೇ ಬೆರಳು ಕೊಟ್ಟು, ನೆಲದಿಂದ ಒಂದು ಗೇಣು ಎತ್ತಿ, ಕಣ್ಣು ಮುಚ್ಚಿ ತೂಕ ಹೇಳಿಬಿಡುತ್ತಾರೆ. ತಪ್ಪಿದ್ದನ್ನು ನಾನು ಕಂಡಿಲ್ಲ. ಕೆಳಮನೆಯಾಕೆಯಂತೂ ಮೊಮ್ಮಗಳನ್ನು ಆಗಾಗ ಇವರ ಕೈಗೆ ಕೊಟ್ಟು, ಎಷ್ಟು ಬೆಳೆದಳು ಹೇಳಿ ಎನ್ನುತ್ತಾಳೆ. ಆಸ್ಪತ್ರೆಯ ಮಿಷನ್ನಿಗಿಂತ ಇವರ ಮೇಲೆಯೇ ಅವಳಿಗೆ ನಂಬಿಕೆ. ಇಡೀ ಬೀದಿಯ ಭಾರ ಬಲ್ಲ ಈ ಮಹಾನುಭಾವರಿಗೆ ಒಬ್ಬರ ತೂಕ ಮಾತ್ರ ಗೊತ್ತಿರಲಿಲ್ಲ. ಅದು ಸ್ವಂತ ಅಪ್ಪನದು.

ಮಾವ ಲಾರಿ ಓಡಿಸಿಕೊಂಡಿದ್ದವರು. ದೊಡ್ಡ ಎಲುಬು, ಅಗಲ ಬೆನ್ನು, ಸ್ಟಿಯರಿಂಗ್ ತಿರುಗಿಸಿ ತಿರುಗಿಸಿ ಕಲ್ಲಾದ ತೋಳು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಆಪರೇಷನ್ನೇನೋ ಆಯಿತು, ಕಾಲಿಗೆ ಮಾತ್ರ ಬಲ ಬರಲಿಲ್ಲ. ಅಂದಿನಿಂದ ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ಬಚ್ಚಲಿನಿಂದ ಮತ್ತೆ ಹಾಸಿಗೆಗೆ, ಎಲ್ಲವೂ ನನ್ನ ಹೆಗಲ ಮೇಲೆ. ಮಾತಿಗೆ ಹೇಳುವ ಹೆಗಲಲ್ಲ, ಈ ಬಲಗಡೆಯ ನಿಜವಾದ ಹೆಗಲು. ಮಾವ ಒಳ್ಳೆಯವರು, ಒಂದು ದಿನವೂ ನನ್ನನ್ನು ಗದರಿದವರಲ್ಲ. ಆದರೆ ಒಳ್ಳೆಯವರೆಂದು ಎತ್ತುವಾಗ ಭಾರ ಕಡಿಮೆಯಾಗುತ್ತದೆಯೇ? ಸಹಾಯಕ್ಕೆ ಒಬ್ಬಳನ್ನು ಗೊತ್ತುಮಾಡಿದ್ದೆವು. ವಾರ ತುಂಬುವುದರೊಳಗೆ ಅವಳು, "ನನ್ನ ಕೈಲಾಗಲ್ಲಮ್ಮ, ಅವರು ಮನುಷ್ಯರಲ್ಲ, ಕಬ್ಬಿಣದ ಬೀರು!" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದಳು. ಇವರು ಅವಳನ್ನೇ ಮೈಗಳ್ಳಿ ಎಂದರು.

ಹಾಗೆನ್ನುವುದಕ್ಕೆ ಇವರಿಗೂ ಒಂದು ಕಾರಣವಿತ್ತು. ಮನೆಯಲ್ಲಿದ್ದಾಗ ಇವರೂ ಕೈ ಹಾಕುತ್ತಿದ್ದರು, ಇಲ್ಲವೆಂದರೆ ಸುಳ್ಳಾಗುತ್ತದೆ. ಎದುರಿಗೆ ನಿಂತು ಮಾವನ ಎರಡೂ ಕಂಕುಳಿಗೆ ಕೈಕೊಟ್ಟು, "ಹ್ಞೂಂ, ಏಳಿ ಅಪ್ಪ," ಎಂದು ಎತ್ತುತ್ತಿದ್ದರು. ನಾನು ಹಿಂದಿನಿಂದ ಸೊಂಟದ ಕೆಳಗೆ ತೋಳು ತೂರಿಸಿ ಮೇಲಕ್ಕೆ ನೂಕುತ್ತಿದ್ದೆ. ಮಾವ ಎದ್ದುಬಿಡುತ್ತಿದ್ದರು. ಇವರು ಕೈ ಕೊಡವಿಕೊಂಡು, "ಅಪ್ಪ ಎಷ್ಟು ಹಗುರ ಆಗ್ಬಿಟ್ಟಿದಾರೆ ಕಣೇ! ಹೂವು ಎತ್ತಿದ ಹಾಗೆ ಬರ್ತಾರೆ. ನೀನು ಸುಮ್ನೆ ಭಾರ ಭಾರ ಅಂತೀಯ," ಎನ್ನುತ್ತಿದ್ದರು. ನನಗೆ ಉಸಿರು ಬಿಡಲೂ ಶಕ್ತಿ ಇರುತ್ತಿರಲಿಲ್ಲ, ಇನ್ನು ಜಗಳವಾಡುವುದೆಲ್ಲಿ ಬಂತು!

ನಾನು ಬಟ್ಟೆ ಹೊಲಿಯುವವಳು. ಶಾಲೆಯ ಯೂನಿಫಾರ್ಮು, ಆಸ್ಪತ್ರೆಯ ಪರದೆ, ಪ್ಯಾಂಟಿನ ಆಲ್ಟರೇಷನ್ನು, ಬಂದದ್ದೆಲ್ಲ ಹೊಲಿಯುತ್ತೇನೆ. ಕತ್ತರಿಸುವಾಗ ಕೈ ಉದ್ದಕ್ಕೆ ಚಾಚಬೇಕು, ಮೇಲಿನ ಹಲಗೆಯಿಂದ ಬಟ್ಟೆಯ ಥಾನು ಇಳಿಸಬೇಕು. ಬಲಗೈ ಕೈಕೊಟ್ಟರೆ ನನ್ನ ಕಥೆ ಮುಗಿಯಿತು. ಭುಜ ರಾತ್ರಿಯೆಲ್ಲ ಚುಚ್ಚತೊಡಗಿದ ಮೇಲೆ ಮೂಳೆ ಡಾಕ್ಟರಿಗೆ ತೋರಿಸಿದೆ. ಅವರು ಕೈಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಎತ್ತೋದನ್ನ ಇವತ್ತೇ ನಿಲ್ಲಿಸಿ. ಇಲ್ಲಾಂದ್ರೆ ಈ ಕೈ ಮೇಲೆ ಹೋಗೋದನ್ನ ತಾನೇ ನಿಲ್ಲಿಸುತ್ತೆ. ಆಮೇಲೆ ನನ್ನ ಹತ್ರ ಬಂದು ಪ್ರಯೋಜನ ಇಲ್ಲ," ಎಂದರು. ಮನೆಗೆ ಬಂದು ಇವರಿಗೆ ಹೇಳಿದೆ. "ಡಾಕ್ಟ್ರು ಹಾಗೇ ಹೆದರಿಸ್ತಾರೆ," ಎಂದು ಶೂ ಬಿಚ್ಚಿದರು. ಗೋಡೆಗೆ ಹೇಳಿದ್ದರೆ ಗೋಡೆಯಾದರೂ ಸ್ವಲ್ಪ ಬೆವರುತ್ತಿತ್ತೋ ಏನೋ.

ಇವರ ಕೆಲಸವನ್ನೂ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಸರಕು ವಿಮಾನಗಳಿಗೆ ಸಾಮಾನು ತುಂಬಿಸುವುದು ಇವರ ಕೆಲಸ. ಹೊರುವುದಲ್ಲ, ಯಾವುದು ಎಲ್ಲಿ ಕೂರಬೇಕೆಂದು ನಿಂತು ಕೂರಿಸುವುದು. ಪೆಟ್ಟಿಗೆಗಳನ್ನು ಅಗಲವಾದ ಲೋಹದ ಹಲಗೆಗಳ ಮೇಲೆ ಪೇರಿಸಿ, ಬಲೆ ಬಿಗಿದು ತರುತ್ತಾರೆ. ಇಡೀ ವಿಮಾನದ ಭಾರ ಎಲ್ಲಿ ಬಂದು ಸೇರಬೇಕೋ ಅಲ್ಲೇ ಸೇರಬೇಕು. ಮೂತಿ ಭಾರವಾದರೆ ನೆಲ ಬಿಟ್ಟು ಏಳುವುದಿಲ್ಲ, ಬಾಲ ಭಾರವಾದರೆ ಎದ್ದ ಮೇಲೆ ಪೈಲಟ್ಟಿನ ಮಾತು ಕೇಳುವುದಿಲ್ಲ. ಮೊದಲೆಲ್ಲ ಸಾಮಾನು ಕಳಿಸುವವರು ಬರೆದುಕೊಟ್ಟ ತೂಕಗಳನ್ನು ಕೂಡಿಸಿ ಲೆಕ್ಕ ಹಾಕುತ್ತಿದ್ದರು. ಆಮೇಲೆ ವಿಮಾನದೊಳಗೇ ತೂಗುವ ಯಂತ್ರ ಬಂತು. ಬಂದ ದಿನ ಇವರು ಊಟವನ್ನೂ ಮರೆತು ನನಗೆ ಅದನ್ನೇ ವಿವರಿಸಿದರು.

ನನ್ನ ಅಳತೆಯ ಮರದ ಸ್ಕೇಲು ಎತ್ತಿಕೊಂಡು ಎರಡು ತೋರುಬೆರಳುಗಳ ಮೇಲೆ ಅಡ್ಡ ಇಟ್ಟುಕೊಂಡರು. "ಈ ಬೆರಳು ಮೂತಿ ಕೆಳಗಿನ ಚಕ್ರ. ಈ ಬೆರಳು ರೆಕ್ಕೆ ಕೆಳಗಿನ ಚಕ್ರಗಳು. ಈಗ ಒಂದು ದಾರದುಂಡೆ ಇಡು." ಇಟ್ಟೆ. "ಉಂಡೆ ಈ ಕಡೆ ಸರಿದ್ರೆ ಈ ಬೆರಳಿಗೆ ಭಾರ, ಆ ಕಡೆ ಸರಿದ್ರೆ ಆ ಬೆರಳಿಗೆ. ಎರಡೂ ಬೆರಳಿನ ಭಾರ ಗೊತ್ತಾದ್ರೆ ಉಂಡೆ ಎಲ್ಲಿದೆ ಅಂತ ಕಣ್ಣು ಮುಚ್ಕೊಂಡು ಹೇಳ್ಬಹುದು." ಚಕ್ರದ ಅಚ್ಚುಗಳಿಗೆ ಸೆನ್ಸರ್ ಕೂರಿಸಿದ್ದಾರಂತೆ. ಭಾರ ಬಿದ್ದಾಗ ಅಷ್ಟು ದಪ್ಪದ ಉಕ್ಕು ಕೂದಲೆಳೆಯಷ್ಟು ಬಾಗುತ್ತದೆ, ಎಷ್ಟು ಬಾಗಿತೆಂದು ಸೆನ್ಸರ್ ಹೇಳುತ್ತದೆ, ಪೈಲಟ್ ಕೂರುವಲ್ಲಿರುವ ಪರದೆಯ ಮೇಲೆ ಅಂಕಿ ಮೂಡುತ್ತದೆ. ಒಟ್ಟು ತೂಕ ಇಷ್ಟು, ಭಾರದ ನಡು ಇಲ್ಲಿ, ಎಂದು. "ಬರೆಯೋರು ಸುಳ್ಳು ಬರೀತಾರೆ ಕಣೇ. ಚಕ್ರ ಸುಳ್ಳು ಹೇಳಲ್ಲ," ಎಂದರು. ಹೊಸ ಅಳಿಯನನ್ನು ಹೊಗಳುವ ಅತ್ತೆಯ ಹಾಗಿತ್ತು ಇವರ ಮುಖ.

ಆ ಯಂತ್ರಕ್ಕೂ ನಖರೆಗಳಿದ್ದವು. ಬ್ರೇಕ್ ಬಿಗಿದಿದ್ದರೆ ವಿಮಾನದ ಕಾಲುಗಳು ಸೆಟೆದುಕೊಂಡು ತಪ್ಪು ತೋರಿಸುತ್ತವೆ, ಸಡಿಲಿಸಿ ಅದು ಮೈಬಿಟ್ಟು ಕೂತ ಮೇಲೆಯೇ ಅಂಕಿ ನೋಡಬೇಕು. ಗಾಳಿ ಜೋರಾಗಿದ್ದರೆ ರೆಕ್ಕೆ ಸ್ವಲ್ಪ ತೂಕವನ್ನು ಎತ್ತಿಕೊಂಡುಬಿಡುತ್ತದೆ, ಗಾಳಿ ನಿಲ್ಲುವತನಕ ಕಾಯಬೇಕು. ಇದೆಲ್ಲವನ್ನೂ ನಾನು ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಹ್ಞೂಂಗುಟ್ಟುತ್ತಾ ಕೇಳಿದ್ದೇನೆ. ವಿಮಾನವೊಂದನ್ನು ಹತ್ತಿರದಿಂದ ನೋಡದಿದ್ದರೂ ಅದರ ಕಾಲುನೋವು ನನಗೆ ಗೊತ್ತು. ನನ್ನ ಭುಜದ ನೋವನ್ನು ಇಷ್ಟು ಕಾಳಜಿಯಿಂದ ಯಾರಾದರೂ ವಿಚಾರಿಸಿದ್ದರೆ!

ಡಾಕ್ಟರು ಎಚ್ಚರಿಸಿದ ಕಾಲಕ್ಕೆ ಸರಿಯಾಗಿ ಒಂದು ದಾರಿಯೂ ತೆರೆದಿತ್ತು. ಆ ಸೆನ್ಸರುಗಳನ್ನು ಬಿಚ್ಚಿ ತಂದು ಪರೀಕ್ಷಿಸುವ ಒಂದು ರೂಮಿದೆ. ಅಲ್ಲಿಗೆ ಕೆಲಸ ಬಲ್ಲವರೊಬ್ಬರು ಬೇಕಾಗಿದ್ದರು. ಬೆಳಗ್ಗೆ ಬೇಗ ಹೋದರೆ ಮಧ್ಯಾಹ್ನಕ್ಕೆ ಮನೆ. ಮಾವನನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿ ಹೋಗಬಹುದು, ಮಲಗಿಸುವ ಹೊತ್ತಿಗೆ ವಾಪಸು ಬರಬಹುದು. ವಿಮಾನ ಬಂದಾಗಲೆಲ್ಲ ಓಡಬೇಕಾದ ಈಗಿನ ಕೆಲಸದಲ್ಲಿ ಅದು ಕನಸು. ಸೂಪರ್‌ವೈಸರ್ ಇವರನ್ನೇ ಮೊದಲು ಕೇಳಿದ್ದರು, ಬೇಡವಾದರೆ ಬೇರೆಯವರಿಗೆ ಕೊಡುತ್ತೇನೆ, ಬೇಗ ಹೇಳಿ ಎಂದಿದ್ದರು. ನಾನು ಕೈಮುಗಿಯುವುದೊಂದು ಬಾಕಿ.

"ಬಯಲಲ್ಲಿ ನಿಂತು ಕೆಲಸ ಮಾಡಿದೋನು ರೂಮಲ್ಲಿ ಕೂತು ಸ್ಕ್ರೂ ತಿರುಗಿಸ್ಲಾ?" ಎಂದರು ಇವರು.

"ನನ್ನ ಕೈ ಹೋಗ್ತಿದೆ ರೀ."

"ಅಪ್ಪನ್ನ ಎತ್ತೋಕೆ ಅಂತ ಕೆಲಸ ಬದಲಾಯಿಸ್ಬೇಕಾ? ನಾನು ಎತ್ತಿಲ್ವಾ ಅವರನ್ನ? ಎತ್ತಿದೋನಿಗೆ ತೂಕ ಹೇಳ್ಕೊಡ್ತೀಯಾ?"

ತಕ್ಕಡಿಗೆ ತೂಕ ಹೇಳಿಕೊಡುವಷ್ಟು ದೊಡ್ಡವಳೇ ನಾನು? ಸುಸ್ತಾದವರಿಗೆ ಸಿಟ್ಟು ಕೂಡ ಪೂರ್ತಿ ಬರುವುದಿಲ್ಲ, ಅರ್ಧ ದಾರಿಯಲ್ಲೇ ಕೂತುಬಿಡುತ್ತದೆ. ಇವರು ಬದಲಾಗುವ ಮೊದಲು ನನ್ನ ಕೈ ನಿಂತುಹೋಗುತ್ತದೆ ಎಂದು ಆ ದಿನಗಳಲ್ಲಿ ನಾನು ಲೆಕ್ಕ ಹಾಕಿಕೊಂಡೇ ಬದುಕುತ್ತಿದ್ದೆ. ಹಲ್ಲುಜ್ಜಲು ಎಡಗೈ ಅಭ್ಯಾಸ ಮಾಡಿಕೊಂಡಿದ್ದೆ. ತಲೆ ಬಾಚಲು ಕೆಳಮನೆಯಾಕೆಯ ಬಳಿ ಹೋಗುತ್ತಿದ್ದೆ.

ಒಂದು ದಿನ ಇವರು ಹೊತ್ತಲ್ಲದ ಹೊತ್ತಿನಲ್ಲಿ, ಮಧ್ಯಾಹ್ನದ ಸುಡುಬಿಸಿಲಿನಲ್ಲಿ ಮನೆಗೆ ಬಂದರು. ಮುಖ ಬಿಳಿಚಿಕೊಂಡಿತ್ತು, ಅಂಗಿ ಬೆನ್ನಿಗೆ ಅಂಟಿತ್ತು. ಮಾವ ಕಿಟಕಿಯ ಪಕ್ಕ ಕುರ್ಚಿಯಲ್ಲಿದ್ದರು. ನಾನು ಯೂನಿಫಾರ್ಮುಗಳ ರಾಶಿಯ ನಡುವೆ ಕುಳಿತಿದ್ದೆ. ಬಂದವರು ಶೂ ಕೂಡ ಬಿಚ್ಚದೆ ನನ್ನ ಮೇಜಿನೆದುರು ಸ್ಟೂಲಿನ ಮೇಲೆ ಕುಸಿದು ಕೂತರು.

"ಏನ್ರೀ, ಏನಾಯ್ತು?"

"ದೊಡ್ಡ ತಪ್ಪು ಮಾಡ್ಬಿಟ್ಟೆ ಕಣೇ," ಎಂದರು. "ಇನ್ನೇನು ವಿಮಾನ ಬಾಲದ ಮೇಲೆ ಕೂತ್ಬಿಡ್ತಿತ್ತು."

ನೀರು ಕೊಟ್ಟೆ. ಒಂದೇ ಗುಟುಕಿಗೆ ಕುಡಿದು ಹೇಳತೊಡಗಿದರು. ಸಾಮಾನು ತುಂಬಿಸುವಾಗ ಹಿಂಭಾಗಕ್ಕೇ ಮೊದಲು ಭಾರ ಬಿದ್ದರೆ ವಿಮಾನದ ಮೂತಿ ಮೇಲೆದ್ದು ಬಾಲ ನೆಲಕ್ಕೆ ಬಡಿದೀತೆಂದು, ಬಾಲದ ಕೆಳಗೆ ಒಂದು ಕಬ್ಬಿಣದ ಕಂಬ ನಿಲ್ಲಿಸಿರುತ್ತಾರೆ. ಕಂಬಕ್ಕೂ ವಿಮಾನದ ಹೊಟ್ಟೆಗೂ ನಡುವೆ ಸ್ವಲ್ಪ ಸಂದಿರಬೇಕು. ತುಂಬಿದ ಹಾಗೆಲ್ಲ ವಿಮಾನ ತಗ್ಗುತ್ತದೆ, ಆಗ ಕಂಬದ ಸ್ಕ್ರೂ ತಿರುಗಿಸಿ ಅದನ್ನೂ ಇಳಿಸುತ್ತಾ ಬರಬೇಕು. ಹಿಂದಿನ ದಿನ ಎರಡು ಪಾಳಿ ಸೇರಿಸಿ ದುಡಿದಿದ್ದ ಇವರು ಅದನ್ನು ಮರೆತಿದ್ದರು. ವಿಮಾನ ತಗ್ಗಿ ತಗ್ಗಿ ಕಂಬದ ಮೇಲೆಯೇ ಒರಗಿಕೊಂಡಿತ್ತು. ಯಾರ ಕಣ್ಣಿಗೂ ಬೀಳಲಿಲ್ಲ.

"ಸ್ಕ್ರೀನ್ ನೋಡಿದ್ರೆ ತೂಕ ಕಡಿಮೆ ತೋರಿಸ್ತಿದೆ, ಮೂತಿ ಭಾರ ಅಂತಿದೆ. ಕಾಗದದ ಲೆಕ್ಕ ಬೇರೆ ಹೇಳ್ತಿದೆ. ನಾನು ಯಾರನ್ನ ನಂಬ್ತೀನಿ? ಚಕ್ರಾನ ನಂಬಿದೆ. ಮುಂದಿದ್ದ ಒಂದು ಹಲಗೆ ಹಿಂದಕ್ಕೆ ಹಾಕಿಸ್ದೆ. ಆದ್ರೂ ಅಂಕಿ ಸರಿಯಾಗಿ ಜರುಗ್ತಿಲ್ಲ! ಇನ್ನೊಂದು ಹಾಕಿಸ್ದೆ."

"ಆಮೇಲೆ?"

"ಆಮೇಲೆ ಕಂಬ ತೆಗೀರಪ್ಪ ಅಂದೆ. ಬರ್ಲಿಲ್ಲ. ಇಬ್ಬರು ಸೇರಿ ಎಳೆದ್ರು, ಜಪ್ಪಯ್ಯ ಅನ್ಲಿಲ್ಲ. ಕಬ್ಬಿಣ ಕಿರ್ ಅಂತಿತ್ತು. ಆಗ ಹೊಳೀತು ನೋಡು... ಜೀವ ಹೋಗಿ ಬಂತು. ಬಿಡ್ರೋ, ಮುಟ್ಬೇಡ್ರೋ ಅಂತ ಕೂಗಿಕೊಂಡೆ."

ಹಿಂದಿನ ಸಾಮಾನನ್ನೆಲ್ಲ ಮತ್ತೆ ಒಂದೊಂದಾಗಿ ಇಳಿಸಬೇಕಾಯಿತಂತೆ. ವಿಮಾನ ತಡವಾಗಿ ಹೊರಟಿತು. ಸೂಪರ್‌ವೈಸರ್ ಎಲ್ಲರೆದುರು ಇವರಿಗೆ ನೀರಿಳಿಸಿದರು. ಹೊರುವ ಆಳುಗಳು, "ತಕ್ಕಡಿಗೇ ತೂಕ ತಪ್ತಾ?" ಎಂದು ಹಲ್ಲು ಕಿರಿದರು. ಇವರು ಅದನ್ನು ಹೇಳುವಾಗ ನನಗೆ ಪಾಪ ಅನ್ನಿಸಿತು. ಆದರೂ ಒಂದು ಮಾತು ತಲೆಗೆ ಹೋಗಲಿಲ್ಲ.

"ಅಲ್ಲ ರೀ, ಸಾಮಾನು ಒಳಗೇ ಇದೆಯಲ್ಲ. ಯಂತ್ರ ಯಾಕೆ ಕಡಿಮೆ ತೋರಿಸ್ಬೇಕು?"

ಪಾಠ ಹೇಳುವುದೆಂದರೆ ಇವರಿಗೆ ಪ್ರಾಣ, ಎಂಥ ದಿನವಾದರೂ. ಸ್ಕೇಲು ಎತ್ತಿಕೊಂಡು ಮತ್ತೆ ಎರಡು ಬೆರಳುಗಳ ಮೇಲೆ ಅಡ್ಡ ಇಟ್ಟರು. "ನಿನ್ನ ಬೆರಳು ಬಾಲದ ತುದಿಗೆ ಕೊಡು. ಕೆಳಗಿಂದ. ಹಾಂ, ಅದೇ ಕಂಬ. ಈಗ ಕತ್ತರಿ ಇಡು, ತುದಿಗೆ." ಎಡಗೈಯಲ್ಲಿ ನನ್ನ ದೊಡ್ಡ ಕತ್ತರಿ ತೆಗೆದು ಸ್ಕೇಲಿನ ತುದಿಗಿಟ್ಟೆ, ಬಲಗೈ ಬೆರಳು ಅದರ ಕೆಳಗೆ.

"ನೋಡಿದ್ಯಾ? ಇಷ್ಟು ದೊಡ್ಡ ಕತ್ತರಿ, ನನ್ನ ಬೆರಳಿಗೆ ಭಾರಾನೇ ಇಲ್ಲ. ಚಕ್ರಕ್ಕೆ ತನ್ನ ಮೇಲೆ ಬಿದ್ದಿದ್ದಷ್ಟೇ ಗೊತ್ತಾಗೋದು. ಕಂಬ ಹೊತ್ತಿರೋದು ಯಾವ ಅಂಕಿಗೂ ಬರಲ್ಲ. ನಾನು, ಹಗುರ ಇದೆ ಹಗುರ ಇದೆ ಅಂತ ಅದರ ಮೇಲೇ ಇನ್ನೂ ಹೇರ್ತಾ ಹೋದೆ."

"ನನ್ನ ಕೈ ನೋಯ್ತಿದೆ ರೀ. ತೆಗೀಲಾ?"

"ತೆಗೀಬೇಡ, ಎಲ್ಲಾ ಬಿದ್ದು..."

ಇವರು ನನ್ನ ಬೆರಳನ್ನು ನೋಡಿದರು, ಮೊಣಕೈ ನೋಡಿದರು, ನಡುಗುತ್ತಿದ್ದ ಭುಜವನ್ನು ನೋಡಿದರು. ಆಮೇಲೆ ಕಿಟಕಿಯ ಕಡೆ, ಅಪ್ಪನನ್ನು. ಕತ್ತರಿಯನ್ನು ತಾವೇ ಮೆಲ್ಲಗೆ ಎತ್ತಿ ಮೇಜಿನ ಮೇಲಿಟ್ಟರು. ಆ ಹೊತ್ತಿಗೆ ಮಾವ, "ಬೆನ್ನು ನೋಯ್ತಿದೆ, ಮಲಗಿಸ್ತೀರೇನೋ," ಎಂದರು.

ಇಬ್ಬರೂ ಎದ್ದೆವು. ಇವರು ಎದುರು ನಿಂತು ಕಂಕುಳಿಗೆ ಕೈಕೊಟ್ಟರು. ನಾನು ರೂಢಿಯಂತೆ ಹಿಂದೆ ಹೋಗಿ ಸೊಂಟದ ಕೆಳಗೆ ತೋಳು ತೂರಿಸಿದೆ.

"ನೀನು ಕೈ ತೆಗಿ," ಎಂದರು ಇವರು.

"ಬೀಳ್ತಾರೆ ರೀ."

"ತೆಗಿ ಅಂದೆ. ಒಂದ್ಸಲ ನಾನು ನೋಡ್ಬೇಕು."

ತೆಗೆದೆ. ಮಾವ ಕುರ್ಚಿಯಿಂದ ಅರ್ಧ ಎದ್ದಿದ್ದರೋ ಇಲ್ಲವೋ, ಇವರ ಮಂಡಿ ಮಡಚಿಕೊಂಡಿತು. ಕುತ್ತಿಗೆಯ ನರ ಉಬ್ಬಿತು. ಹಲ್ಲು ಕಚ್ಚಿ, ಏದುಸಿರು ಬಿಡುತ್ತಾ, ಒಂದೊಂದೇ ಹೆಜ್ಜೆ ಹಿಂದಕ್ಕೆ ತಡವರಿಸಿ ಹಾಸಿಗೆಯ ಅಂಚಿಗೆ ತಲುಪಿದರು. ಇಳಿಸಲು ಆಗದೆ, ಅಪ್ಪನನ್ನು ತೊಡೆಯ ಮೇಲೆ ಹಾಕಿಕೊಂಡೇ ಧೊಪ್ಪನೆ ಕೂತುಬಿಟ್ಟರು. ಮಾವ ಮಗನ ತೊಡೆಯ ಮೇಲೆ ಮಗುವಿನ ಹಾಗೆ ಕುಳಿತು ಕಣ್ಣು ಪಿಳಿಪಿಳಿ ಬಿಟ್ಟರು.

"ಯಾಕೋ, ನಾನು ಅಷ್ಟು ಭಾರ ಇದೀನಾ?" ಎಂದರು ಮಾವ. "ಇವಳು ಒಂದಿನವೂ ನನ್ನ ಹತ್ರ ಅನ್ಲಿಲ್ವಲ್ಲೋ."

ಇವರು ಅಪ್ಪನ ಭುಜದ ಮೇಲಿಂದ ನನ್ನನ್ನು ನೋಡಿದರು. "ನನ್ನ ಹತ್ರ ಅಂದಿದ್ಳು ಅಪ್ಪ," ಎಂದರು.

ಕಥೆಗಳಲ್ಲಾದರೆ ಇಂಥ ಗಳಿಗೆಯಲ್ಲಿ ಹೆಂಡತಿಯ ಕಣ್ಣು ತುಂಬುತ್ತದೆ. ನನಗೆ ಬಂದದ್ದು ಸಿಟ್ಟು. ಇಷ್ಟು ದಿನ ಅರ್ಧ ದಾರಿಯಲ್ಲಿ ಕೂತಿದ್ದ ಸಿಟ್ಟೆಲ್ಲ ಒಟ್ಟಿಗೆ ಎದ್ದು ಬಂತು. "ಗಂಟಲು ಹರಿದುಕೊಂಡು ಹೇಳಿದ್ನಲ್ರೀ! ಡಾಕ್ಟ್ರು ಹೇಳಿದ್ರಲ್ರೀ! ನನ್ನ ಮಾತು ನಂಬೋಕೆ ನಿಮಗೆ ವಿಮಾನ ಬೀಳ್ಬೇಕಾಯ್ತಾ?" ಎಂದು ಕೂಗಾಡಿದೆ. ಕೆಳಮನೆಯಾಕೆ ಮೆಟ್ಟಿಲ ಬಳಿ ಬಂದು ಇಣುಕಿ ಹೋದಳು. ಇವರು ಅಪ್ಪನನ್ನು ಮೆಲ್ಲಗೆ ಪಕ್ಕಕ್ಕೆ ಜಾರಿಸಿ ಮಲಗಿಸಿ, ದಿಂಬು ಸರಿಮಾಡಿದರು. ನಾನು ಕೂಗಿ ಕೂಗಿ ಸುಸ್ತಾಗಿ, ಯೂನಿಫಾರ್ಮಿನ ರಾಶಿಯ ಮೇಲೆಯೇ ತಲೆಯಿಟ್ಟೆ. ಹಾಗೇ ನಿದ್ದೆ ಬಂದುಬಿಟ್ಟಿತು.

ಎಚ್ಚರವಾದಾಗ ಇವರು ಬಾಗಿಲ ಬಳಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದರು. "ಆ ರೂಮಿನ ಕೆಲಸಕ್ಕೆ ನಾನು ಬರ್ತೀನಿ ಸಾರ್... ಇಲ್ಲ ಸಾರ್, ಇವತ್ತಿನದಕ್ಕಲ್ಲ... ಸರಿ, ಹಾಗೇ ಅಂದ್ಕೊಳ್ಳಿ ಸಾರ್."

ಫೋನು ಇಟ್ಟ ಮೇಲೆ ಕೇಳಿದೆ, "ತಪ್ಪು ಮಾಡಿ ಹೆದರಿ ಓಡಿದ ಅಂತಾರಲ್ರೀ ಎಲ್ರೂ?"

"ಅನ್ನಲಿ ಬಿಡು," ಎಂದರು. ಆ ಮಾತು ಇವರಿಗೆ ಎಷ್ಟು ಭಾರವಾಗಿತ್ತೆಂದು ನನಗೆ ಗೊತ್ತು. ಬಯಲಿನಲ್ಲಿ ಕಿವಿಗೆ ಮಫ್ಲರ್ ಸುತ್ತಿಕೊಂಡು, ಕೈ ಬೀಸಿ ಹಲಗೆಗಳನ್ನು ಕೂರಿಸುತ್ತಿದ್ದುದು ಬಿಟ್ಟರೆ ಇವರಿಗೆ ಬೇರೆ ಹೆಮ್ಮೆ ಇರಲಿಲ್ಲ. ಈಗ ಇವರು ಕಿಟಕಿಯಿಲ್ಲದ ರೂಮಿನಲ್ಲಿ ಸೆನ್ಸರಿಗೆ ಗೊತ್ತಿರುವ ಭಾರ ಹೇರಿ, ಅದು ನಿಜ ಹೇಳುತ್ತದೋ ಇಲ್ಲವೋ ನೋಡುತ್ತಾರೆ. ವಿಮಾನಗಳ ಸದ್ದು ಗೋಡೆಯಾಚೆಯಿಂದ ಕೇಳುತ್ತದಂತೆ. ಆಳುಗಳು ದಾರಿಯಲ್ಲಿ ಸಿಕ್ಕಾಗ ಈಗಲೂ ಕಂಬದ ಮಾತು ತೆಗೆದು ಕೆಣಕುತ್ತಾರೆ. ಇವರು ನಕ್ಕು ಮನೆಗೆ ಬರುತ್ತಾರೆ.

ನನ್ನ ಕೈ ಪೂರ್ತಿ ಸರಿಹೋಗಲಿಲ್ಲ. ಭುಜದ ಮಟ್ಟಕ್ಕೆ ಬಂದು ನಿಲ್ಲುತ್ತದೆ, ಅದಕ್ಕಿಂತ ಮೇಲಕ್ಕೆ ಇನ್ನು ಹೋಗುವುದಿಲ್ಲ, ಇಷ್ಟು ಉಳಿದದ್ದೇ ಪುಣ್ಯ ಎಂದರು ಡಾಕ್ಟರು. ಮೇಲಿನ ಹಲಗೆಯ ಥಾನುಗಳನ್ನು ಇವರು ಕೆಳಗಿನ ಹಲಗೆಗೆ ಇಳಿಸಿಕೊಟ್ಟಿದ್ದಾರೆ. ಮಾವನನ್ನು ಎತ್ತುವುದೆಲ್ಲ ಇವರದೇ. ಬೆನ್ನಿಗೆ ಪಟ್ಟಿ ಕಟ್ಟಿಕೊಂಡು, ಕಾಲು ಅಗಲಿಸಿ, ಮಂಡಿ ಬಗ್ಗಿಸಿ ಎತ್ತುತ್ತಾರೆ. ಇಳಿಸಿದ ಮೇಲೆ ಗೋಡೆಗೊರಗಿ ಸ್ವಲ್ಪ ಹೊತ್ತು ಕಣ್ಣು ಮುಚ್ಚುತ್ತಾರೆ. ಹೂವಿನ ಮಾತು ಮತ್ತೆ ಆಡಿಲ್ಲ.

ನನಗೆ ಮಾತ್ರ ರೂಢಿ ಹೋಗಿಲ್ಲ. ಇವರು ಎತ್ತಲು ಬಗ್ಗಿದ ಕೂಡಲೇ ಹೊಲಿಗೆ ಬಿಟ್ಟು ಎದ್ದು, ನನಗರಿವಿಲ್ಲದೆ ಹಿಂದೆ ಹೋಗಿ ಮಾವನ ಸೊಂಟದ ಕೆಳಗೆ ತೋಳು ಚಾಚುತ್ತೇನೆ. ಇವರು ತಿರುಗಿಯೂ ನೋಡುವುದಿಲ್ಲ. ನನ್ನ ಬೆರಳು ತಾಕಿದ್ದು ಅಷ್ಟರಲ್ಲೇ ಇವರಿಗೆ ಗೊತ್ತಾಗಿರುತ್ತದೆ.

"ಕೈ ತೆಗಿ ಕಣೇ," ಎನ್ನುತ್ತಾರೆ. "ತೂಕ ತಪ್ಪುತ್ತೆ."